ಸಜ್ಜಿ ರೊಟ್ಟಿಗೆ ಮೂಲಂಗಿ ಬೇಕೇ ಬೇಕು

ಸಿದ್ಧೇಶ್ವರ ಗುಡಿ ಸುತ್ತ ಜಾತ್ರೆಯ ಅಂಗಡಿಗಳಿಗೆ ಕಂಬ ನೆಡೋಕೆ ಶುರುವಾಯ್ತು ಅಂದ್ರೆ ನಮ್ಮ ಓಣಿಯ ಅಡುಗೆಮನೆಗಳ ವಾಸನೆಯೇ ಬೇರೆಯಾಗುತ್ತೆ ನೋಡ್ರಿ. ಒಂದು ಮನೆಯಲ್ಲಿ ಎಳ್ಳು ಹುರಿಯೋ ಘಮ, ಇನ್ನೊಂದರಲ್ಲಿ ಸುಂಟಿ ಕುಟ್ಟೋ ಸಪ್ಪಳ, ಮತ್ತೊಂದರಲ್ಲಿ ಅಲ್ಲ ಜಜ್ಜಿ ಹಾಕಿದ ಚಹಾ. ವಿಜಯಪುರದಲ್ಲಿ ಚಳಿ ಅಂದ್ರೆ ಬೇರೆ ಊರಿನವರು ನಂಬೋದೇ ಇಲ್ಲ. ಬಿಸಿಲಿಗೆ ಹೆಸರಾದ ಊರಲ್ವಾ? ಆದರೆ ಸುಮಾರು 600 ಮೀಟರ್ ಎತ್ತರದ ಬಯಲು, ಮೋಡವಿಲ್ಲದ ಆಕಾಶ, ಒಣಗಾಳಿ. ಹಗಲೆಲ್ಲ ನೆಲ ಕುಡಿದ ಕಾವು ರಾತ್ರಿ ತಡೆಯೋರಿಲ್ಲದೆ ಹಾರಿಹೋಗುತ್ತೆ. ಮಧ್ಯಾಹ್ನ 30 ಡಿಗ್ರಿ ಇದ್ದದ್ದು ನಸುಕಿಗೆ 10ರ ಹತ್ತಿರ ಬಂದು ಕೂತಿರುತ್ತೆ. ಬೆಳಗ್ಗೆ ಶಾಲು ಹುಡುಕಿದವರೇ ಮಧ್ಯಾಹ್ನ ನೆರಳು ಹುಡುಕೋದು.

ಇಂಥದ್ದೇ ಒಂದು ನಸುಕಿನಲ್ಲಿ ಪಕ್ಕದ ಮನೆ ವೈನಿ ಕಂಪೌಂಡ್ ಗೋಡೆಯಾಚೆಯಿಂದ ಕೇಳಿದರು: "ಅಲ್ರೀ, ಚೀನಾದಾಗ ಚಳಿಗಂತ ಮಡಕಿಯೊಳಗ ಬ್ಯಾರು, ಒಣಹಣ್ಣು ಎಲ್ಲಾ ಹಾಕಿ ಕುದಿಸ್ತಾರಂತ. ಮೊಬೈಲ್‌ನ್ಯಾಗ ನೋಡಿದೆ. ಏನಿರ್ತದ ಅದರಾಗ?"

ಏನಿರ್ತದ? ಅರ್ಧಕ್ಕರ್ಧ ನಮ್ಮ ಡಬ್ಬಿಗಳಲ್ಲೇ ಇರೋದು! ಅಲ್ಲಿಯ ವೈದ್ಯ ಪದ್ಧತಿಯಲ್ಲೂ ತಿನ್ನೋ ವಸ್ತುಗಳನ್ನ ಶೀತ, ತಂಪು, ಬೆಚ್ಚಗಿನದು, ಉಷ್ಣ ಅಂತ ವಿಂಗಡಿಸ್ತಾರೆ, ಎರಡೂ ಕಡೆ ವಾಲದ್ದನ್ನ ಸಮ ಅಂತಾರೆ. ಹಸಿ ಅಲ್ಲ ಬೆಚ್ಚಗಿನ ಸಾಲಿನಲ್ಲಿ, ಒಣ ಸುಂಟಿ ಉಷ್ಣದ ಸಾಲಿನಲ್ಲಿ. ಹಸಿಯದು ಬೆವರು ಬರಿಸಿ ಮೈಮೇಲಿನ ಚಳಿ ಬಿಡಿಸಲಿಕ್ಕೆ, ಒಣದ್ದು ಹೊಟ್ಟೆಯೊಳಗಿನ ಚಳಿಗೆ. ನಮ್ಮ ಆಯಿಯೂ ಅಷ್ಟೇ, ನೆಗಡಿ ಶುರುವಾದ ದಿನ ಹಸಿ ಅಲ್ಲದ ರಸ, ಹೊಟ್ಟೆ ಕೆಟ್ಟ ದಿನ ಸುಂಟಿ ಪುಡಿ. ಒಂದರ ಜಾಗದಲ್ಲಿ ಇನ್ನೊಂದನ್ನ ಎಂದೂ ಹಾಕುತ್ತಿರಲಿಲ್ಲ. ಅಲ್ಲದ ಖಾರಕ್ಕೆ ಕಾರಣ ಜಿಂಜರಾಲ್ ಅನ್ನೋ ಅಂಶ. ಒಣಗಿದಾಗ ಅದರಲ್ಲಿ ಒಂದಿಷ್ಟು ನೀರಿನ ಅಂಶ ಕಳಕೊಂಡು ಶೋಗಾಲ್ ಆಗುತ್ತೆ, ಖಾರ ಇನ್ನೂ ಏರುತ್ತೆ. ಸುಂಟಿ ಕುಟ್ಟೋವಾಗ ಕಣ್ಣಲ್ಲಿ ನೀರು ಬರೋದು ಸುಮ್ಮನೆ ಅಲ್ಲ.

ಚೀನಾದಲ್ಲಿ ಸುಮಾರು 1800 ವರ್ಷದ ಹಿಂದೆ ಜಾಂಗ್ ಝೋಂಗ್‌ಜಿಂಗ್ ಅನ್ನೋ ದೊಡ್ಡ ವೈದ್ಯ ಇದ್ದ. ಅವನ ಹೆಸರಿನ ಗ್ರಂಥದಲ್ಲಿ ಒಂದು ಸಾರಿನ ವಿಧಾನ ಇದೆ: ಕುರಿ ಮಾಂಸ, ಹಸಿ ಅಲ್ಲ, ಡಾಂಗ್‌ಗುಯಿ ಅನ್ನೋ ಬೇರು. 8 ಅಳತೆ ನೀರು ಹಾಕಿ 3 ಅಳತೆಗೆ ಇಳಿಸಬೇಕು, ಬೆಚ್ಚಗಿರುವಾಗಲೇ ದಿನಕ್ಕೆ 3 ಸಲ ಕುಡಿಯಬೇಕು. ಚಳಿ ಜಾಸ್ತಿ ಅನಿಸಿದರೆ ಅಲ್ಲ ಇನ್ನೂ ಹೆಚ್ಚು. ಡಾಂಗ್‌ಗುಯಿ ಅಂದ್ರೆ ಏನೋ ಎಲ್ಲಿಯದೋ ಅನ್ಕೋಬೇಡಿ. ಜೀರಿಗಿ, ಕೊತ್ತಂಬರಿ, ಅಜವಾನ ಇವೆಲ್ಲದರ ಕುಟುಂಬದ್ದೇ ಗಿಡ ಅದು. ಆ ಸಾರು ಯಾರಿಗೆ ಕೊಡ್ತಿದ್ರು ಗೊತ್ತೇನ್ರೀ? ಚಳಿಯಿಂದ ಹೊಟ್ಟೆ ಹಿಡಕೊಂಡವರಿಗೆ, ಮತ್ತೆ ಬಾಣಂತಿಯರಿಗೆ!

ಬಾಣಂತಿ ಅಂದಕೂಡಲೇ ನೆನಪಾಯ್ತು. ನಮ್ಮಕ್ಕ ಹೆರಿಗೆಗೆ ತವರಿಗೆ ಬಂದಿದ್ದು ಇಂಥದ್ದೇ ಮಾಗಿ ಚಳಿಯಲ್ಲಿ. ಬಾಬಲೇಶ್ವರದ ಕಡೆಯಿಂದ ಬಂದ ಕಾಕು ಅಡುಗೆಮನೆ ಹಿಡಿದರು ಅಂದ್ರೆ ಬೇರೆಯವರು ಒಳಗೆ ಕಾಲಿಡೋ ಹಾಗಿಲ್ಲ. ಅಂಟು ತುಪ್ಪದಲ್ಲಿ ಕರಿಯುವಾಗ ಅರಳೋ ಆಟವನ್ನ ನಾನು ಬಾಗಿಲಲ್ಲಿ ನಿಂತು ನೋಡ್ತಿದ್ದೆ. ಗಾಜಿನ ಹರಳಿನ ಹಾಗಿದ್ದದ್ದು ಒಂದು ಕ್ಷಣ ಸುಮ್ಮನಿದ್ದು, ಆಮೇಲೆ ಚಟ್ ಅಂತ ಉಬ್ಬಿ ಬೆಳ್ಳಗಾಗೋದು. ಉರಿ ಒಂಚೂರು ಹೆಚ್ಚಾದರೆ ಹೊರಗೆ ಕೆಂಪು, ಒಳಗೆ ಹಸಿ. ತಿಂದವರ ಹಲ್ಲಿಗೆ ಅಂಟಿಕೊಂಡು ಬಿಡೋದಿಲ್ಲ. ಅದಕ್ಕೆ ಸುಂಟಿ, ಬೆಲ್ಲ, ಒಣಕೊಬ್ಬರಿ, ತಿಕೋಟಾದ ಒಣದ್ರಾಕ್ಷಿ ಕೂಡಿಸಿ ಉಂಡಿ ಕಟ್ಟೋದು. ಮಾಂಸ ತಿನ್ನದ ಮನೆಯಲ್ಲಿ ಉಂಡಿ, ತಿನ್ನೋ ಮನೆಯಲ್ಲಿ ರಾತ್ರಿಯಿಡೀ ಸಣ್ಣ ಉರಿಯಲ್ಲಿ ಕುದ್ದ ಪಾಯಾ. ಕೆಲಸ ಒಂದೇ ಅಲ್ಲೇನು?

ಹಾಂ, ಆ ವೈದ್ಯನ ಬಗ್ಗೆ ಒಂದು ದಂತಕಥೆಯೂ ಇದೆ. ಚಳಿಗೆ ಬಡವರ ಕಿವಿ ಮರಗಟ್ಟಿ ಹೋಗ್ತಿದ್ವಂತೆ. ಅವನು ಕುರಿ ಮಾಂಸ, ಮೂಲಿಕೆ ಅರೆದು ಕಣಕದಲ್ಲಿ ತುಂಬಿ, ಕಿವಿಯಾಕಾರದ ಕಡಬು ಬೇಯಿಸಿ ಸಾರಿನ ಜೊತೆ ಹಂಚಿದನಂತೆ. ಉತ್ತರ ಚೀನಾದವರು ಇವತ್ತಿಗೂ ಡಿಸೆಂಬರ್ 21-22ರ ಹೊತ್ತಿಗೆ, ವರ್ಷದ ಅತಿ ದೀರ್ಘ ರಾತ್ರಿಯ ದಿನ, ಕಡಬು ತಿಂತಾರೆ. ನಮ್ಮ ಎಳ್ಳ ಅಮಾವಾಸ್ಯೆಯೂ ಹೆಚ್ಚುಕಮ್ಮಿ ಅದೇ ದಿನಮಾನದ್ದು, ನಮ್ಮ ಬುತ್ತಿಯಲ್ಲೂ ಸಜ್ಜಿ ಕಡಬು. ಬಿಳಿಜೋಳದ ಹೊಲದ ನಡುವೆ ಕೂತು ಪುಂಡಿಪಲ್ಯದ ಜೊತೆ ಆ ಕಡಬು ತಿಂದವರಿಗೆ ಚಳಿ ಎಲ್ಲಿಯದು ಹೇಳಿ!

ಇನ್ನು ಬಾರಿಹಣ್ಣು. ಸಂಕ್ರಾಂತಿಗೆ ಸಣ್ಣ ಮಕ್ಕಳ ತಲೆ ಮೇಲೆ ಎರೆಯೋಕೆ ತರ್ತೇವಲ್ಲ, ಅದೇ ಕುಲದ ಇನ್ನೊಂದು ಗಿಡದ ಹಣ್ಣನ್ನ ಚೀನಾದವರು ಕೆಂಪಗೆ ಒಣಗಿಸಿ ಅಲ್ಲದ ಚಹಾಕ್ಕೆ ಹಾಕ್ತಾರೆ. ಅಲ್ಲದ ಬಿರುಸನ್ನ ಆ ಸಿಹಿ ಹದಕ್ಕೆ ತರುತ್ತೆ ಅನ್ನೋ ಲೆಕ್ಕ. ಕಷಾಯಕ್ಕೆ ನಾವು ಬೆಲ್ಲ ಹಾಕೋದೂ ನಾಲಿಗೆಗೆ ರುಚಿ ಅಂತ ಮಾತ್ರ ಅಲ್ಲ ಮತ್ತೆ. ಕುದಿಸೋ ಪದ್ಧತಿಯಲ್ಲಿ ಮಾತ್ರ ಸ್ವಲ್ಪ ವ್ಯತ್ಯಾಸ ಇದೆ. ನಮ್ಮ ಶಾರ್ಙ್ಗಧರ ಸಂಹಿತೆಯ ಲೆಕ್ಕದಲ್ಲಿ ಒಂದು ಪಾಲು ಮೂಲಿಕೆಗೆ 16 ಪಾಲು ನೀರು, ಎಂಟನೇ ಒಂದು ಪಾಲಿಗೆ ಇಳಿಸಬೇಕು. ಅವರು ಅದೇ ಮೂಲಿಕೆಯನ್ನ ಎರಡು ಸಲ ಕುದಿಸಿ, ಎರಡೂ ನೀರು ಕೂಡಿಸಿ ಕುಡೀತಾರೆ. ಪಾತ್ರೆ ಮಣ್ಣಿನದೇ ಆಗಬೇಕು, ಕಬ್ಬಿಣದ್ದು ಬೇಡ ಅಂತಾರೆ.

ಆದರೆ ನನಗೆ ತುಂಬಾ ಹಿಡಿಸಿದ್ದು ಅವರ ಒಂದು ಗಾದೆ. ಚಳಿಗಾಲಕ್ಕೆ ಮೂಲಂಗಿ ತಿನ್ನು, ಬ್ಯಾಸಿಗಿಗೆ ಅಲ್ಲ ತಿನ್ನು ಅಂತ. ಉಲ್ಟಾ ಅನಿಸ್ತಲ್ವಾ? ವೈನಿಯೂ "ಏನ್ರೀ ಇದು!" ಅಂದ್ರು. ಅವರ ಲೆಕ್ಕ ಹೀಗಿದೆ. ಚಳಿಯಲ್ಲಿ ಮೈಯ ಕಾವು ಒಳಗೆ ಸೇರುತ್ತೆ, ಅದರ ಮೇಲೆ ನಾವು ತುಪ್ಪ, ಎಳ್ಳು, ಮಾಂಸ ಅಂತ ಜಡ ಊಟ ಹಾಕ್ತೇವೆ. ಅದನ್ನ ಕರಗಿಸೋಕೆ, ಒಳಗಿನ ಕಾವು ಅತಿಯಾಗದ ಹಾಗೆ ನೋಡ್ಕೊಳ್ಳೋಕೆ ಮೂಲಂಗಿ. ಚರಕ ಸಂಹಿತೆಯೂ ಹೇಮಂತದಲ್ಲಿ ಜಠರಾಗ್ನಿ ಬಲವಾಗಿರುತ್ತೆ ಅಂತಲೇ ಹೇಳೋದು.

ಈಗ ನಮ್ಮ ಬೋಗಿ ಊಟದ ತಾಟು ನೆನಪು ಮಾಡ್ಕೊಳ್ಳಿ. ಎಳ್ಳು ಹಚ್ಚಿದ ಸಜ್ಜಿ ರೊಟ್ಟಿ, ಗುರೆಳ್ಳು ಹಿಂಡಿ, ಬದನೆಕಾಯಿ ಭರ್ತ, ಎಲ್ಲವೂ ಉಷ್ಣದ ಕಡೆಯವು. ಅದರ ಬದಿಗೆ ಬೆಣ್ಣಿ ಮುದ್ದೆ, ಗಟ್ಟಿ ಮೊಸರು, ಹಸಿ ಮೆಂತೆ, ಗಜ್ಜರಿ, ಉದ್ದುದ್ದ ಸೀಳಿದ ಮೂಲಂಗಿ. ಅದನ್ನ ಯಾರೂ ಪುಸ್ತಕ ನೋಡಿ ಜೋಡಿಸಿದ್ದಲ್ಲ. ಅವ್ವ-ಆಯಂದಿರ ಕೈ ಜೋಡಿಸಿದ್ದು. ಬೆಚ್ಚಗಿರೋದು ಅಂದ್ರೆ ಉಷ್ಣದ ಮೇಲೆ ಉಷ್ಣ ಪೇರಿಸೋದಲ್ಲ, ಅದಕ್ಕೊಂದು ತಡೆಯನ್ನೂ ಇಟ್ಟುಕೊಳ್ಳೋದು. ಈಗ ಕಷಾಯದ ಪುಡಿ ಪೊಟ್ಟಣದಲ್ಲಿ ಸಿಗುತ್ತೆ, ದಿನಕ್ಕೆ ನಾಲ್ಕು ಲೋಟ ಕುಡಿದು ಎದೆ ಉರಿ ಅನ್ನೋರೂ ಇದ್ದಾರೆ. ತಾಟಿನಿಂದ ಮೂಲಂಗಿ ಮಾಯವಾದದ್ದೂ ಇದಕ್ಕೊಂದು ಕಾರಣವೇನೋ ಅಂತ ನನಗೆ ಅನಿಸುತ್ತೆ.

ವೈನಿಗೆ ಇಷ್ಟೇ ಹೇಳಿದೆ: ಡಾಂಗ್‌ಗುಯಿ ತರಿಸೋ ಉಸಾಬರಿ ಬೇಡ್ರಿ, ಅದರಲ್ಲೂ ಮನೆಯಲ್ಲಿ ರಕ್ತ ತೆಳುವಾಗಿಸೋ ಗುಳಿಗೆ ತಗೊಳ್ಳೋರಿದ್ದರೆ ಅದು ಆಗಿಬರೋದಿಲ್ಲ. ಹುರಳಿ ಕಟ್ಟಿನ ಸಾರಿಗೆ ನಾಕು ಮೆಣಸು ಜಜ್ಜಿ ಹಾಕಿ, ಸಂತೆಯಿಂದ ಎಳೆ ಮೂಲಂಗಿ ತನ್ನಿ. ಸೊಪ್ಪು ಕಿತ್ತು ಒಗೀಬ್ಯಾಡ್ರಿ ಮತ್ತ, ಪಚಡಿಗೆ ಅದೇ ಛಲೋ, ಹೌದಲ್ರೀ?