ಹತ್ತು ಬೆರಳಿನ ಪಂಡಿತರಿಗೊಂದು ಬಹಿರಂಗ ಪತ್ರ

ಡೊಂಬಿವಲಿ ಪೂರ್ವ

ಮಾನ್ಯ ಬುದ್ಧಿಮಾಪಕ ಮಹಾಶಯರೇ,

ಮೊದಲಿಗೆ ಅಭಿನಂದನೆ. ಠಾಣೆಯ ಘೋಡಬಂದರ್ ರಸ್ತೆಯಿಂದ ಹಿಡಿದು ನವಿ ಮುಂಬಯಿಯ ಖಾರ್‌ಘರ್‌ವರೆಗೆ, ಕಲ್ಯಾಣದಿಂದ ನಮ್ಮ ಮಾನ್‌ಪಾಡಾ ರಸ್ತೆಯವರೆಗೆ, ಮಕ್ಕಳ ತಲೆಯನ್ನು ನಂಬಿ ಬದುಕುವವರಿಗೆ ಕೊರತೆಯೇನೂ ಇರಲಿಲ್ಲ. ಕಂಬಕ್ಕೊಂದು ಕ್ಲಾಸು, ಕ್ಲಾಸಿಗೊಂದು ಫ್ಲೆಕ್ಸು, ಫ್ಲೆಕ್ಸಿನ ತುಂಬ 97, 98 ಅಂಕದ ಮುಖಗಳು. ಆದರೆ ಅವರೆಲ್ಲ ನೇರವಾಗಿ ತಲೆಗೇ ಕೈ ಹಾಕಿ ಬೆವರು ಸುರಿಸುತ್ತಿದ್ದಾರೆ. ಬೆರಳಿನಲ್ಲೇ ಕೆಲಸ ಮುಗಿಸಬಹುದೆಂದು ಹೊಳೆದದ್ದು ನಿಮಗೆ ಮಾತ್ರ.

ನಮ್ಮ ಸೊಸೈಟಿಯ ಹಾಲಿನಲ್ಲಿ ನಿಮ್ಮ ಶಿಬಿರ ನಡೆದ ದಿನ ಮೂರನೇ ಕ್ಲಾಸಿನ ನನ್ನ ಮೊಮ್ಮಗನೂ ಸಾಲಿನಲ್ಲಿದ್ದ, ಕೈಯಲ್ಲಿ ಅರ್ಧ ತಿಂದ ಚಕ್ಕುಲಿ. ನಿಮ್ಮ ಹುಡುಗಿ ಬಲು ಅಕ್ಕರೆಯಿಂದ ಅವನ ಬೆರಳಿನ ಎಣ್ಣೆ ಒರೆಸಿದಳು. ಒಂದೊಂದು ಬೆರಳನ್ನೂ ಸ್ಕ್ಯಾನರಿನ ಗಾಜಿಗೆ ನೇರ ಒಮ್ಮೆ, ಎಡಕ್ಕೊಮ್ಮೆ, ಬಲಕ್ಕೊಮ್ಮೆ ಒತ್ತಿಸಿದಳು. ಹೆಸರೊಂದನ್ನು ಬಿಟ್ಟು ಅವನಿಗೆ ಯಾರೂ ಏನೂ ಕೇಳಲಿಲ್ಲ. ಲೆಕ್ಕ ಕೊಡಲಿಲ್ಲ, ಚಿತ್ರ ತೋರಿಸಲಿಲ್ಲ, ಒಂದು ಒಗಟೂ ಇಲ್ಲ. ಪರೀಕ್ಷೆ ಮುಗಿಯಿತು! ಬುದ್ಧಿಗೆ ಚೂರೂ ಕೆಲಸ ಕೊಡದೆ ಬುದ್ಧಿಯನ್ನು ಅಳೆಯುವ ಈ ಪದ್ಧತಿಯಲ್ಲಿ ಮಗು ಯೋಚಿಸಬೇಕಾಗಿಲ್ಲ. ದುಡ್ಡು ಕಟ್ಟುವ ಅಪ್ಪ ಅಮ್ಮ ಯೋಚಿಸದಿದ್ದರೆ ಇನ್ನೂ ಒಳ್ಳೆಯದು.

ವರದಿ ವಾಟ್ಸಾಪಿಗೆ ಬಂತು. ಎಡ ಮೆದುಳು ಇಷ್ಟು, ಬಲ ಮೆದುಳು ಇಷ್ಟು ಎಂದು ದಶಮಾಂಶದ ಎರಡು ಸ್ಥಾನದವರೆಗೆ ಲೆಕ್ಕ. ಸಂಗೀತದ ಬುದ್ಧಿ, ಗಣಿತದ ಬುದ್ಧಿ, ನಾಲ್ಕು ಜನರೊಡನೆ ಬೆರೆಯುವ ಬುದ್ಧಿ, ಒಂದೊಂದಕ್ಕೂ ಒಂದೊಂದು ಬಣ್ಣದ ಕಂಬ. ದಿಕ್ಕು-ಜಾಗಗಳ ಬುದ್ಧಿಯ ಕಂಬ ಮಾತ್ರ ಗಿಡ್ಡ. ಈ ಹುಡುಗ ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಇಂಡಿಕೇಟರ್ ನೋಡಿ, ಬರುವುದು ಫಾಸ್ಟೋ ಸ್ಲೋವೋ, ಹನ್ನೆರಡು ಡಬ್ಬಿಯೋ ಹದಿನೈದೋ ಎಂದು ಓದಿ, ಹೆಂಗಸರ ಡಬ್ಬಿ ಎಲ್ಲಿ ನಿಲ್ಲುತ್ತದೋ ಸರಿಯಾಗಿ ಅಲ್ಲಿಗೇ ಅಜ್ಜಿಯನ್ನು ಎಳೆದುಕೊಂಡು ಹೋಗುತ್ತಾನೆ. ಅವನ ಬೆರಳಿಗೆ ಈ ಸಂಗತಿ ಗೊತ್ತಿಲ್ಲವೆಂದು ಕಾಣುತ್ತದೆ.

ವೃತ್ತಿಗಳ ಪಟ್ಟಿಯ ಮೇಲ್ತುದಿಯಲ್ಲಿ ಪೈಲಟ್ ಇದ್ದಾನೆ, ತೀರಾ ಕೆಳಗೆ ಹೋಟೆಲ್ ಉದ್ಯಮ. ಇಲ್ಲಿ ಸ್ವಲ್ಪ ನೋವಾಯಿತು ಸ್ವಾಮಿ. ನಮ್ಮ ಮನೆಯಲ್ಲಿ ಒಲೆ ಉರಿದದ್ದೇ ಹೋಟೆಲಿನಿಂದ. ಕುಂದಾಪುರದ ಕಡೆಯಿಂದ ಬಂದ ನನ್ನ ಅಪ್ಪ ಮುಂಬಯಿಯ ಉಡುಪಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿದ್ದರು. ಕಾಗದ ಇಲ್ಲ, ಪೆನ್ಸಿಲ್ ಇಲ್ಲ. ಐದು ಟೇಬಲ್ಲಿನ ಆರ್ಡರು ತಲೆಯಲ್ಲಿ. ಯಾರಿಗೆ ಚಟ್ನಿ ಬೇಡ, ಯಾರದು ಸಕ್ಕರೆ ಇಲ್ಲದ ಕಾಫಿ ಎಂಬುದೂ ಅಲ್ಲೇ. ಗಿರಾಕಿ ಕೈ ತೊಳೆದು ಗಲ್ಲಾಪೆಟ್ಟಿಗೆ ತಲುಪುವ ಮೊದಲೇ ಹಿಂದಿನಿಂದ ಕೂಗು: ‘ಕಪ್ಪು ಕೋಟು ಎಂಟಾಣೆ, ಹಿಂದಿನ ಇಬ್ಬರದು ಒಂದೂಕಾಲು!’ ಮನೋವಿಜ್ಞಾನಿಗಳು ಮಗುವಿಗೆ ಅಂಕಿಗಳ ಸಾಲು ಹೇಳಿ, ಮುಂದಿನಿಂದ ಒಮ್ಮೆ ಹಿಂದಿನಿಂದ ಒಮ್ಮೆ ಒಪ್ಪಿಸಲು ಹೇಳುತ್ತಾರಲ್ಲ, ಅದೇ ಕಸರತ್ತನ್ನು ಅಪ್ಪ ಕೈಯಲ್ಲಿ ನಾಲ್ಕು ಬಸಿ ಹಿಡಿದು ಮಾಡುತ್ತಿದ್ದರು. ರಾತ್ರಿ ಕನ್ನಡ ರಾತ್ರಿಶಾಲೆಗೂ ಹೋದರು. ಅವರ ಅಪ್ಪ, ಅಂದರೆ ನನ್ನ ಅಜ್ಜ, ಜಮೀನಿನ ಪತ್ರಕ್ಕೆ ಹೆಬ್ಬೆಟ್ಟು ಒತ್ತಿದಾಗ ಶಾನುಭೋಗರು ನಕ್ಕಿದ್ದರಂತೆ. ಈಗ ಅದೇ ಹೆಬ್ಬೆಟ್ಟಿಗೆ ನಾವು ಆರೂವರೆ ಸಾವಿರ ಕೊಟ್ಟು ಮೇಧಾವಿಗಳಾಗುತ್ತಿದ್ದೇವೆ. ದ್ರೋಣಾಚಾರ್ಯರು ಒಂದು ಹೆಬ್ಬೆರಳು ಕೇಳಿ ಕೆಟ್ಟ ಹೆಸರು ತೆಗೆದುಕೊಂಡರು. ನೀವು ಹತ್ತೂ ಕೇಳುತ್ತೀರಿ, ಮೇಲೆ ಜಿಎಸ್‌ಟಿ.

ಇದು ವಿಜ್ಞಾನ, ಸರ್, ಎಂದು ನಿಮ್ಮ ಹುಡುಗಿ ಹೇಳಿದ್ದು ನೆನಪಿದೆ. ಚರ್ಮ, ಮೆದುಳು ಎರಡೂ ಭ್ರೂಣದ ಒಂದೇ ಪದರದಿಂದ ಬರುತ್ತವೆ, ಹಾಗಾಗಿ ಬೆರಳಿನಲ್ಲಿ ಮೆದುಳಿನ ನಕ್ಷೆ ಇರುತ್ತದಂತೆ. ಮೊದಲ ಅರ್ಧ ನಿಜ. ಆದರೆ ಕೂದಲು, ಉಗುರು, ಹಲ್ಲಿನ ಎನಾಮಲ್ ಬರುವುದೂ ಅದೇ ಪದರದಿಂದ. ಹಾಗಿದ್ದಮೇಲೆ ನಮ್ಮ ಓಣಿಯ ಕ್ಷೌರದಂಗಡಿಯಲ್ಲಿ ದಿನಾ ಸಂಜೆ ಗುಡಿಸಿ ಎಸೆಯುವುದು ಡೊಂಬಿವಲಿಯ ಅರ್ಧ ಬುದ್ಧಿಮತ್ತೆಯನ್ನೇ! ಅಂಗಡಿಯವನಿಗೆ ತಿಳಿಸಿದ್ದೇನೆ. ಕಟಿಂಗ್ ದರ ಏರಿದರೆ ಹೊಣೆ ನಿಮ್ಮದು.

ನಿಮ್ಮ ವಿದ್ಯೆಗೆ ಒಬ್ಬ ಮುತ್ತಜ್ಜ ಇದ್ದಾನೆ, ನಿಮ್ಮ ಬ್ರೋಷರಿನಲ್ಲಿ ಅವನ ಫೋಟೋ ಇಲ್ಲದಿರುವುದು ಆಶ್ಚರ್ಯ. ಫ್ರಾನ್ಸಿಸ್ ಗಾಲ್ಟನ್. 1884ರಲ್ಲಿ ಲಂಡನ್ನಿನ ಆರೋಗ್ಯ ಪ್ರದರ್ಶನದಲ್ಲಿ ಮಳಿಗೆ ಹಾಕಿ, ತಲೆಗೆ ಮೂರು ಪೆನ್ನಿ ವಸೂಲು ಮಾಡಿ, ಒಂಬತ್ತು ಸಾವಿರಕ್ಕೂ ಹೆಚ್ಚು ಜನರ ದೃಷ್ಟಿ, ಶ್ರವಣ, ಹಿಡಿತದ ಬಲ ಎಲ್ಲ ಅಳೆದವನು. ಬುದ್ಧಿ ರಕ್ತದಲ್ಲೇ ಹರಿದು ಬರುತ್ತದೆಂದು ಹಟ ಹಿಡಿದವನೂ ಅವನೇ, ಬೆರಳಚ್ಚಿನ ಮೇಲೆ 1892ರಲ್ಲಿ ದೊಡ್ಡ ಪುಸ್ತಕ ಬರೆದವನೂ ಅವನೇ. ಇವೆರಡಕ್ಕೂ ಗಂಟು ಹಾಕಲು ಅವನಿಗಿಂತ ಆಸೆಯಿದ್ದವರು ಯಾರೂ ಇರಲಿಲ್ಲ. ವಿದ್ಯಾವಂತರ, ಕೂಲಿಗಳ, ಬುದ್ಧಿಮಾಂದ್ಯರ ಆಶ್ರಮದಲ್ಲಿದ್ದವರ ಅಚ್ಚುಗಳನ್ನೆಲ್ಲ ಪಕ್ಕಪಕ್ಕ ಇಟ್ಟು ನೋಡಿದ. ಏನೂ ಸಿಗಲಿಲ್ಲ, ಸಿಗಲಿಲ್ಲ ಎಂದೇ ಬರೆದಿಟ್ಟ. ಅವನು ನೂರ ಮೂವತ್ತು ವರ್ಷದ ಹಿಂದೆ ಮುಚ್ಚಿದ ಅಂಗಡಿಯನ್ನು ನೀವು ನಮ್ಮ ಸೊಸೈಟಿ ಹಾಲಿನಲ್ಲಿ ತೆರೆದಿದ್ದೀರಿ. ಭಾರತೀಯ ಮನೋವೈದ್ಯರ ಸಂಘವೂ ಇದಕ್ಕೆ ವೈಜ್ಞಾನಿಕ ಆಧಾರವಿಲ್ಲವೆಂದು 2019ರಲ್ಲೇ ಹೇಳಿದೆ. ನಿಮ್ಮ ದಾಯಾದಿಗಳಾದ ‘ಮಿಡ್‌ಬ್ರೈನ್’ ಎಚ್ಚರಿಸುತ್ತೇವೆ ಎನ್ನುವವರು ಕಣ್ಣಿಗೆ ಪಟ್ಟಿ ಕಟ್ಟಿ ಮಕ್ಕಳಿಂದ ಓದಿಸುತ್ತಿದ್ದಾಗ, ಮೂಗಿನ ಪಕ್ಕದ ಸಂದಿಯಿಂದ ಇಣುಕಿದರೆ ಎಲ್ಲ ಕಾಣುತ್ತದೆಂದು ಮಂಗಳೂರಿನ ವಿಚಾರವಾದಿ ನರೇಂದ್ರ ನಾಯಕರು ತೋರಿಸಿಕೊಟ್ಟರು. ಆ ಮಕ್ಕಳನ್ನು ಮಾತ್ರ ನಾನು ಬುದ್ಧಿವಂತರೆಂದೇ ಒಪ್ಪುತ್ತೇನೆ.

ನನಗೆ ಅಳತೆಯ ಮೇಲೆ ದ್ವೇಷವಿಲ್ಲ. 1905ರಲ್ಲಿ ಪ್ಯಾರಿಸ್ಸಿನ ಆಲ್ಫ್ರೆಡ್ ಬಿನೆ ಮೊದಲ ಬುದ್ಧಿ ಪರೀಕ್ಷೆ ಮಾಡಿದ್ದು ಜಾಣರನ್ನು ಫ್ಲೆಕ್ಸಿಗೆ ಏರಿಸಲಿಕ್ಕಲ್ಲ, ಶಾಲೆಯಲ್ಲಿ ಹಿಂದೆ ಬೀಳುವ ಯಾವ ಮಗುವಿಗೆ ಹೆಚ್ಚಿನ ಆರೈಕೆ ಬೇಕೆಂದು ತಿಳಿಯಲಿಕ್ಕೆ. ಬುದ್ಧಿ ಹುಟ್ಟಿದಷ್ಟೇ ಇರುತ್ತದೆ ಎನ್ನುವವರನ್ನು ಕಂಡರೆ ಅವನಿಗೆ ಆಗುತ್ತಿರಲಿಲ್ಲ. ಕಲಿಸಿದರೆ ಬೆಳೆಯುತ್ತದೆ ಎನ್ನುತ್ತಿದ್ದ. ಅದೇ ಪರೀಕ್ಷೆಯ ಅಮೆರಿಕನ್ ರೂಪವನ್ನು 1934ರಲ್ಲಿ ವಿ. ವಿ. ಕಾಮತರು ಅಂದಿನ ಮುಂಬಯಿ ಪ್ರಾಂತ್ಯದ ಕನ್ನಡ ಮತ್ತು ಮರಾಠಿ ಮಕ್ಕಳಿಗೆ ಹೊಂದಿಸಿದರು. ಮನೆಯಲ್ಲಿ ಕನ್ನಡ, ಓಣಿಯಲ್ಲಿ ಮರಾಠಿ ಆಡುವ ನಮ್ಮಂಥವರಿಗೆ ಹೇಳಿ ಮಾಡಿಸಿದಂತಿದೆ. ಬಿನೆ-ಕಾಮತ್ ಪರೀಕ್ಷೆ ಎಂಬ ಹೆಸರಿನಲ್ಲಿ ಅದು ಇಂದಿಗೂ ದೇಶದ ಆಸ್ಪತ್ರೆಗಳಲ್ಲಿ ಓಡಾಡುತ್ತಿದೆ. ಅದೂ ಹಳೆಯದಾಯಿತು ನಿಜ. ತಲೆಮಾರಿನಿಂದ ತಲೆಮಾರಿಗೆ ಇಂಥ ಪರೀಕ್ಷೆಗಳ ಅಂಕ ಏರುತ್ತಲೇ ಬಂದಿರುವುದರಿಂದ 1934ರ ಮಕ್ಕಳ ಅಳತೆಯಲ್ಲಿ ಇಂದಿನ ಹುಡುಗ ಸುಲಭವಾಗಿ ಪಂಡಿತನಾದಾನು. ಆದರೂ ಅಲ್ಲಿ ಒಬ್ಬರು ಮಗುವಿನ ಎದುರು ಕೂತು ಪ್ರಶ್ನೆ ಕೇಳುತ್ತಾರೆ, ಮಗು ತಡವರಿಸಿದರೆ ಕಾಯುತ್ತಾರೆ, ಸುಸ್ತಾಗಿದೆಯೋ ಹೆದರಿದೆಯೋ ಎಂದು ಮುಖ ನೋಡುತ್ತಾರೆ. ನಿಮ್ಮ ಸ್ಕ್ಯಾನರು ಚಕ್ಕುಲಿಯ ಎಣ್ಣೆಯನ್ನೂ ಸಹಿಸುವುದಿಲ್ಲ.

ನಮ್ಮ ಸರಕಾರವೇನು ಕಡಿಮೆಯಲ್ಲ ಬಿಡಿ. ಮಹಾರಾಷ್ಟ್ರದ ಸ್ಕಾಲರ್‌ಶಿಪ್ ಪರೀಕ್ಷೆಯಲ್ಲಿ ‘ಬುದ್ಧಿಮತ್ತಾ ಚಾಚಣಿ’, ಅಂದರೆ ಬುದ್ಧಿ ಪರೀಕ್ಷೆ, ಎಂದೇ ಒಂದು ವಿಷಯವಿದೆ. ಗಡಿಯ ಅಕ್ಕಲಕೋಟೆ, ಜತ್ತದ ಮಕ್ಕಳು ಕನ್ನಡದಲ್ಲೇ ಬರೆಯಬಹುದು, ಸಂತೋಷ. ಆ ಬುದ್ಧಿಗೂ ಗೈಡ್ ಬಂದಿದೆ, ಕ್ಲಾಸು ಬಂದಿದೆ, ಬೇಸಿಗೆ ರಜೆಯಲ್ಲಿ ಕ್ರ್ಯಾಶ್ ಕೋರ್ಸೂ ಉಂಟು. ಹೋಗಲಿ, ಅಲ್ಲಿ ಮಗು ಪೆನ್ಸಿಲ್ಲನ್ನಾದರೂ ಹಿಡಿಯುತ್ತದೆ.

ಒಂದು ಸಂಶಯ ಮಾತ್ರ ಬಗೆಹರಿದಿಲ್ಲ. ಬುದ್ಧಿ ಗರ್ಭದಲ್ಲೇ ಬೆರಳಿನ ಮೇಲೆ ಅಚ್ಚಾಗಿದೆ, ಬದಲಾಗುವುದಿಲ್ಲ ಎನ್ನುತ್ತದೆ ನಿಮ್ಮ ವರದಿಯ ಮೊದಲ ಪುಟ. ಗಿಡ್ಡ ಕಂಬಗಳನ್ನು ಎತ್ತರಿಸಲು ನಮ್ಮಲ್ಲೇ ಆರು ತಿಂಗಳ ತರಗತಿ ಉಂಟು ಎನ್ನುತ್ತದೆ ಕೊನೆಯ ಪುಟ. ಹಣೆಬರಹ ಓದುವ ಶುಲ್ಕ ಬೇರೆ, ಅಳಿಸುವ ಶುಲ್ಕ ಬೇರೆ. ಗಾರ್ಡ್ನರ್ ಎಂಬ ಅಮೆರಿಕದ ವಿದ್ವಾಂಸರು 1983ರಲ್ಲಿ ಬುದ್ಧಿ ಒಂದಲ್ಲ, ಹಲವು ಬಗೆ ಎಂದದ್ದು ಐಕ್ಯೂ ಎಂಬ ಒಂಟಿ ಅಂಕಿಯ ದರ್ಬಾರು ಸಡಿಲಾಗಲಿ ಎಂದು. ನೀವು ಅವರ ಒಂದೊಂದು ಬಗೆಗೂ ಒಂದೊಂದು ಅಂಕಿ ಹಚ್ಚಿ ಬಿಲ್ ಮಾಡಿದಿರಿ.

ಹೀಗಾಗಿ ಒಂದು ವಿನಂತಿ. ಮುಂದಿನ ತಿಂಗಳು ಮತ್ತೆ ಬನ್ನಿ. ಹೆಸರಿಲ್ಲದ ಹತ್ತು ಜನರ ಅಚ್ಚು ನಾವೇ ಸಿದ್ಧ ಮಾಡಿಡುತ್ತೇವೆ. ಒಬ್ಬ ಗಣಿತದ ಮೇಷ್ಟ್ರು, ಒಬ್ಬ ಎಂಐಡಿಸಿ ಫಿಟ್ಟರು, ವಾಶಿ ಎಪಿಎಂಸಿಯ ಈರುಳ್ಳಿ ದಲಾಲ, ತಬಲಾ ಬಾರಿಸುವ ನಮ್ಮ ಸೆಕ್ರೆಟರಿ, ಹೀಗೆ. ಆ ಹತ್ತರಲ್ಲಿ ನಿಮ್ಮ ಮ್ಯಾನೇಜರದ್ದೂ ಒಂದು ಇರಲಿ. ಯಾವುದು ಯಾರದೆಂದು ಹತ್ತರಲ್ಲಿ ಆರು ಸರಿ ಹೇಳಿದರೂ ಆರೂವರೆ ಸಾವಿರ ವಾಪಸು ಕೇಳುವುದಿಲ್ಲ. ಹಾಲಿನ ಬಾಡಿಗೆ ನಿಮ್ಮದು, ಚಹಾ ನಮ್ಮದು. ಬರುವುದು ಭಾನುವಾರವಾದರೆ ರೈಲಿನ ಮೆಗಾಬ್ಲಾಕ್ ಯಾವ ಲೈನಿಗೆ, ಎಷ್ಟು ಗಂಟೆಗೆ ಎಂದು ಮೊದಲೇ ಫೋನ್ ಮಾಡಿ ಕೇಳಿ, ಮೊಮ್ಮಗ ಹೇಳುತ್ತಾನೆ.

ಇತಿ,
ಹತ್ತು ಬೆರಳಿನ ಅಜ್ಜ