ಭಾವನ ಲೋಕಲ್ ಊಟ

ಬೋರ್ಡು ಇರಬಾರದು. ಇದ್ದರೂ ಅರ್ಧ ಅಕ್ಷರ ಅಳಿಸಿಹೋಗಿರಬೇಕು. ಒಳಗೆ ಏಸಿ ಕಂಡರೆ ಮುಗಿಯಿತು, ಆ ಹೋಟ್ಲಿನ ಮೀನಿಗೆ ಮೋಕ್ಷವಿಲ್ಲ. ಕರಾವಳಿ ಪ್ರವಾಸಕ್ಕೆ ಹೊರಡುವ ಪ್ರತಿ ಕುಟುಂಬದಲ್ಲೂ ಈ ಶಾಸ್ತ್ರ ಬಲ್ಲ ಒಬ್ಬ ಭಾವ ಇರುತ್ತಾರೆ. ಬೆಂಗಳೂರಿನಲ್ಲಿ ಟೇಬಲ್ ಒರೆಸಿದ ಬಟ್ಟೆಯ ಬಣ್ಣ ನೋಡಿ ಎದ್ದು ಬರುವ ಈ ಮಹಾನುಭಾವರು ಶಿರಾಡಿ ಘಾಟಿ ಇಳಿದದ್ದೇ ತಡ, ಬೆವರು ಸುರಿಸಿಕೊಂಡು ಉಂಡರಷ್ಟೇ ಊಟ ಎಂಬ ಮತಕ್ಕೆ ಸೇರಿಬಿಡುತ್ತಾರೆ.

ಮಂಗಳೂರಿನಿಂದ ಕಾರವಾರದ ಕಡೆ 66ನೇ ರಾಷ್ಟ್ರೀಯ ಹೆದ್ದಾರಿ ಹಿಡಿದರೆ ಊಟದ ಹೋಟ್ಲಿಗೆ ಬರವಿಲ್ಲ. ಬರ ಇರುವುದು ಭಾವನ ಒಪ್ಪಿಗೆಗೆ. ಬ್ರಹ್ಮಾವರದಲ್ಲಿ ಸಿಕ್ಕಿದ್ದು "ಟೂರಿಸ್ಟುಗಳದ್ದು". ಕೋಟದ ಹತ್ತಿರದ್ದಕ್ಕೆ ಹೊಸದಾಗಿ ಬಣ್ಣ ಬಳಿದಿದ್ದರು, ಅಲ್ಲಿಗೆ ಅನುಮಾನ ಬಂತು. ಕುಂದಾಪುರದ ಒಂದು ಹೋಟ್ಲಿಗೆ ಗೂಗಲ್‌ನಲ್ಲಿ ನಾಲ್ಕೂವರೆ ನಕ್ಷತ್ರ. "ಗೂಗಲ್‌ಗೇ ಗೊತ್ತಾದ ಮೇಲೆ ಇನ್ನೇನು ಉಳೀತು?" ಎಂದು ಭಾವ ಗೇರು ಬದಲಿಸಿದರು. (ಈ ತರ್ಕದಲ್ಲಿ ಮರವಂತೆಯಲ್ಲೂ ಇಳಿಯಬಾರದಿತ್ತು. ಆದರೆ ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಸೌಪರ್ಣಿಕಾ ಹೊಳೆ, ನಡುವೆ ರಸ್ತೆ. ಅಲ್ಲಿ ಕೈಚಾಚಿ ಫೋಟೋ ತೆಗೆಸಿಕೊಳ್ಳದ ಭಾವ ಇನ್ನೂ ಹುಟ್ಟಿಲ್ಲ.) ಹಿಂದಿನ ಸೀಟಿನಲ್ಲಿ ಅಕ್ಕ ಸದ್ದಿಲ್ಲದೆ ಚಿಪ್ಸ್ ಪೊಟ್ಟಣ ಒಡೆದು ಮಕ್ಕಳಿಗೆ ಹಂಚಿದಳು. ಮದುವೆಯಾದಂದಿನಿಂದ ಅವಳ ಬ್ಯಾಗಿನಲ್ಲಿ ಚಿಪ್ಸ್ ಖಾಲಿಯಾದದ್ದಿಲ್ಲ.

ದಾರಿಯಲ್ಲಿ ನಿಲ್ಲಿಸಿ ವಿಚಾರಿಸುವುದು ಇನ್ನೊಂದು ವಿಧಿ. ಮಂಗಳೂರಿನಲ್ಲಿ ಕಲಿತ ಎರಡು ತುಳು ಮಾತನ್ನು ಭಾವ ಬೈಂದೂರಿನ ರಿಕ್ಷಾ ಸ್ಟ್ಯಾಂಡಿನಲ್ಲೂ ಪ್ರಯೋಗಿಸಿದರು. ಕುಂದಗನ್ನಡ ಆಡುವ ಆ ರಿಕ್ಷಾದವರು "ಎಂಚ ಉಲ್ಲರ್" ಕೇಳಿ, ಪಾಪ ಎಲ್ಲೋ ದೂರದವರು ಎಂದುಕೊಂಡು ಹಿಂದಿಯಲ್ಲಿ ಉತ್ತರ ಕೊಟ್ಟರು. ಭಾವ ಕನ್ನಡಕ್ಕೆ ಇಳಿದು, "ಅಲ್ಲ, ಇಲ್ಲಿನವರು ನೀವೆಲ್ಲ ಊಟ ಮಾಡೋದು ಎಲ್ಲಿ?" ಎಂದರು.

"ನಾವಾ? ಮನಿಯಂಗೆ."

ಆ ವಿಳಾಸ ನಮಗೆ ಉಪಯೋಗಕ್ಕೆ ಬರಲಿಲ್ಲ. ಭಟ್ಕಳ ಹೋಯಿತು, ಮುರ್ಡೇಶ್ವರದ ಶಿವ ದೂರದಿಂದಲೇ ಹೋದ. ಶರಾವತಿ ಸೇತುವೆ ದಾಟಿ, ಮೂರು ಗಂಟೆಯೂ ದಾಟಿದ ಮೇಲೆ ಒಂದು ಹೆಂಚಿನ ಮಾಡು ಕಂಡಿತು. ಬೋರ್ಡಿಲ್ಲ. ಎದುರಿಗೆ ಒಂದು ಲಾರಿ. "ಲಾರಿಯವರು ನಿಲ್ಲಿಸ್ತಾರೆ ಅಂದ್ರೆ ಕಣ್ಣು ಮುಚ್ಚಿಕೊಂಡು ಹೋಗಬಹುದು," ಎಂದರು ಭಾವ. ಹಸಿವಿಗೆ ನಮಗೆ ಆಗಲೇ ಕಣ್ಣು ಮುಚ್ಚುತ್ತಿತ್ತು.

ಕಾವಲಿಯ ಮುಂದಿದ್ದ ಅಮ್ಮನಿಗೆ ಭಾವ ಮೊದಲು ಪರೀಕ್ಷೆ ಕೊಟ್ಟರು. ರವೆ ಹಚ್ಚುವುದು ಟೂರಿಸ್ಟುಗಳಿಗೆ, ನಮಗೆ ಬರೀ ಮಸಾಲೆ ಸಾಕು. (ಕಾರವಾರದವರು ಕೇಳಿಸಿಕೊಂಡಿದ್ದರೆ ಅಲ್ಲೇ ಪಂಚಾಯಿತಿ ಕೂರುತ್ತಿತ್ತು.) ಕೊಬ್ಬರಿ ಎಣ್ಣೆಯೇ ತಾನೆ? ಅನ್ನ ಕುಚ್ಚಲಕ್ಕಿಯದ್ದೇ ತಾನೆ? ಕೊನೆಗೆ ದೊಡ್ಡ ಪ್ರಶ್ನೆ: "ಬಂಗುಡೆ ಇವತ್ತಿಂದಾ?"

ಅಮ್ಮ ಹೊರಗೆ ಸುರಿಯುತ್ತಿದ್ದ ಮಳೆ ನೋಡಿದರು. ಆಮೇಲೆ ಭಾವನ ಮುಖ ನೋಡಿದರು.

"ಜೂನ್ 1ರಿಂದ ಜುಲೈ 31ರವರೆಗೆ ಬೋಟು ಬಂದ್ ಅಲ್ರಾ. ಮೀನು ಮೊಟ್ಟೆ ಇಡೂ ಕಾಲ. ಇವತ್ತಿಂದೇ ಬೇಕಂದ್ರೆ ಆಗಸ್ಟಲ್ಲಿ ಬನ್ನಿ."

"ಹಾಗಾದ್ರೆ ಇದು?"

"ಐಸಿಂದು. ಆಚೆ ಸಮುದ್ರದ್ದು."

ಪೂರ್ವ ಕರಾವಳಿಯಲ್ಲಿ ನಿಷೇಧ ಏಪ್ರಿಲ್ 15ಕ್ಕೇ ಶುರುವಾಗಿ ಜೂನ್ 14ಕ್ಕೆ ಮುಗಿಯುತ್ತದೆ. ಹಾಗಾಗಿ ಮಳೆಗಾಲದಲ್ಲಿ ಬಂಗಾಳ ಕೊಲ್ಲಿಯ ಮೀನು ಐಸ್ ಪೆಟ್ಟಿಗೆಯಲ್ಲಿ ಕೂತು ಅರಬ್ಬಿ ಸಮುದ್ರ ನೋಡಲು ಬರುತ್ತದೆ. ಭಾವನ ಮುಖ ಇಳಿದದ್ದು ಕಂಡು ಅಮ್ಮನಿಗೇ ಕನಿಕರವಾಗಿ, ಒಳಗಿನಿಂದ ಒಂದು ಬಟ್ಟಲು ತಂದಿಟ್ಟರು. ಒಣಸಿಗಡಿ ಚಟ್ನಿ. "ಮಳೆಗಾಲಕ್ಕೆ ನಾವು ತಿಂಬುದು ಇದೇಯ. ಗಂಜಿಗೆ ಹಾಕ್ಕಂಡು ಉಣ್ಣಿ."

ಬೆಳಗಿನಿಂದ ನೂರಿಪ್ಪತ್ತು ಮೈಲಿ ಹುಡುಕಿದ ಲೋಕಲ್ ಊಟ ತಾನಾಗಿ ಮೇಜಿಗೆ ಬಂದು ಕೂತಿತ್ತು. ಭಾವ ಬಟ್ಟಲಿಗೆ ಬಗ್ಗಿ ಒಮ್ಮೆ ಮೂಸಿದರು. ಕುರ್ಚಿಯನ್ನು ಅರ್ಧ ಅಡಿ ಹಿಂದೆ ಸರಿಸಿ, "ಬಂಗುಡೆನೇ ಇರಲಿ," ಎಂದರು. ಬಟ್ಟಲನ್ನು ಅಕ್ಕ ತನ್ನ ಕಡೆ ಎಳೆದುಕೊಂಡಳು.

ಬಂಗುಡೆ ಬಂತು. ಭಾವ ಮೂರು ಕೋನದಿಂದ ಫೋಟೋ ತೆಗೆದರು, ಮುಳ್ಳು ಬಿಡಿಸುವ ಕಲೆಯ ಬಗ್ಗೆ ಮಕ್ಕಳಿಗೆ ಉಪನ್ಯಾಸ ಕೊಟ್ಟರು, ಒಂದು ಚೂರು ಬಾಯಿಗಿಟ್ಟು ಕಣ್ಣು ಮುಚ್ಚಿದರು. "ಏನೇ ಹೇಳಿ, ಈ ರುಚಿ ಬೆಂಗಳೂರು ಕಡೆ ತಲೆ ಹಾಕೋದೇ ಇಲ್ಲ."

ಪಕ್ಕದ ಬೆಂಚಿನಲ್ಲಿ ಉಣ್ಣುತ್ತಿದ್ದ ಲಾರಿ ಡ್ರೈವರ್ ತಲೆಯೆತ್ತಿದ. "ಬೆಂಗಳೂರಲ್ಲಿ ನಿಮ್ದು ಎಲ್ಲಿ ಸಾರ್?"

"ದಾಸರಹಳ್ಳಿ."

"ಓ, ದಾಸರಹಳ್ಳಿ ಮೇಲೇ ಬಂದದ್ದು ಸಾರ್ ಇದು. ಚೆನ್ನೈ ಲೋಡು. ಮೊನ್ನೆ ರಾತ್ರಿ ಅಲ್ಲೇ ಗಾಡಿ ಸೈಡಿಗೆ ಹಾಕಿ ಟೀ ಕುಡಿದೆ."

ಭಾವ ಮುಳ್ಳು ಹುಡುಕುವುದರಲ್ಲಿ ಮಗ್ನರಾದರು. ಅಕ್ಕ ಚಟ್ನಿಯ ಬೆರಳು ಒರೆಸಿಕೊಂಡು ಫೋನ್ ತೆಗೆದಳು.

"ಅಣ್ಣ, ಮುಂದಿನ ಸಲ ಬರೋವಾಗ ಒಂದು ಮಿಸ್ಡ್ ಕಾಲ್ ಕೊಡ್ತೀರಾ? ನಂಬರ್ ಹೇಳಿ."