‘ನಾಳೆ ಬಾ’ ಎಂದರೆ ಹೋಗದ ಅತಿಥಿ

ಶುಭಕಾರ್ಯಕ್ಕೆ ಮಂಗಳವಾರ ಬೇಡ ಅನ್ನುವವರು ನಾವು. ಮೈಕ್ರೋಸಾಫ್ಟ್‌ನವರಿಗೆ ಅದೇ ಪ್ರಶಸ್ತ: 2003ರಿಂದ ತಿಂಗಳ ಎರಡನೇ ಮಂಗಳವಾರವೇ ಅಪ್‌ಡೇಟ್ ಬಿಡುಗಡೆ. ಅಲ್ಲಿ ಬೆಳಗಾದಾಗ ನಮಗೆ ರಾತ್ರಿ. ಹಾಗಾಗಿ ಪ್ರಸಾದ ನಮ್ಮ ಆಫೀಸುಗಳಿಗೆ ತಲುಪುವುದು ಬುಧವಾರ.

ಅಕೌಂಟ್ಸ್ ವಿಭಾಗದ ರಾಯರು ಎಕ್ಸೆಲ್‌ನಲ್ಲಿ ಸಂಬಳದ ಲೆಕ್ಕ ಕೂಡಿಸುತ್ತಿರುವಾಗಲೇ ನೆತ್ತಿಯ ಮೇಲೆ ಪಟ್ಟಿ ಹಾಜರು: ‘ಅಪ್‌ಡೇಟ್ ಸಿದ್ಧವಿದೆ’. ರಾಯರು ಕನ್ನಡಕದ ಮೇಲಿಂದ ದಿಟ್ಟಿಸಿ, ಸಾಲ ಕೊಟ್ಟವನಿಗೆ ಹೇಳುವ ಹಾಗೆ ‘ನಾಳೆ ಬಾರಪ್ಪ’ ಎಂದು ಇಂಟು ಗುರುತು ಒತ್ತುತ್ತಾರೆ.

ವಿಂಡೋಸ್ ಸೆಟ್ಟಿಂಗ್ಸ್‌ನಲ್ಲಿ ‘ಆ್ಯಕ್ಟಿವ್ ಅವರ್ಸ್’ ಅಂತ ಇದೆ. ದಿನಕ್ಕೆ 18 ಗಂಟೆವರೆಗೂ ಕೆಲಸದಲ್ಲಿದ್ದೇನೆಂದು ಬರೆದಿಡಬಹುದು. ಕಂಪ್ಯೂಟರ್ ನಂಬುತ್ತದೆ; ಆ ಹೊತ್ತಿನಲ್ಲಿ ಅಪ್‌ಡೇಟ್‌ಗಾಗಿ ತಾನಾಗಿ ರೀಸ್ಟಾರ್ಟ್ ಆಗುವುದಿಲ್ಲ. (ಮ್ಯಾನೇಜರ್ ನಂಬುವುದಿಲ್ಲ, ಬಿಡಿ.)

ಅಪ್‌ಡೇಟನ್ನೇ ಪೂರ್ತಿ ನಿಲ್ಲಿಸಬೇಡಿ. ವೈರಸ್ಸು ವಾರ, ತಿಥಿ ನೋಡಿ ಬರುವುದಿಲ್ಲ. ಸಂಜೆ ಫೈಲ್ ಸೇವ್ ಮಾಡಿ, ‘ಅಪ್‌ಡೇಟ್ ಆ್ಯಂಡ್ ಶಟ್ ಡೌನ್’ ಒತ್ತಿ, ಬಸ್ಸು ಹಿಡಿಯಿರಿ.